ಲಂಡನ್‌ನಲ್ಲಿ ಅಜ್ಜಿಯ ಮಣಿಕಟ್ಟು ಮುರಿದಿದೆ, ಆದ್ರೂ ವಾಪಸ್ ಬರಲ್ಲ ಅಂತಿದ್ದಾರೆ. ಕರೆಸಬೇಕಾ, ಬಿಡಬೇಕಾ?

ವಿದ್ಯಾನಗರದ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ನಮ್ಮ ಅವ್ವನ ಅಪ್ಪ-ಅಮ್ಮ ಈಗ ಲಂಡನ್‌ನಲ್ಲಿದ್ದಾರೆ. ಅಜ್ಜನಿಗೆ 74, ಅಜ್ಜಿಗೆ 69. ಅಜ್ಜ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಪೆನ್ಷನ್ ದುಡ್ಡು ಕೂಡಿಟ್ಟು, ಮಕ್ಕಳ ಹತ್ರ ಒಂದು ರೂಪಾಯಿ ಕೇಳದೆ ಹೋಗಿದ್ದಾರೆ. ಟೂರ್ ಕಂಪನಿ ಜೊತೆ ಅಲ್ಲ, ಇಬ್ಬರೇ.

ಅಜ್ಜಿಗೆ ಒಂದೇ ಹಂಬಲ. ಥೇಮ್ಸ್ ನದಿ ದಂಡೆಯಲ್ಲಿರುವ ಬಸವಣ್ಣನ ಪ್ರತಿಮೆ ನೋಡಬೇಕು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅದನ್ನು ಅನಾವರಣ ಮಾಡಿದ್ದನ್ನು ಅಜ್ಜಿ ಟಿವಿಯಲ್ಲಿ ನೋಡಿದ್ದರು. ಅವತ್ತಿಂದ ಮನಸ್ಸಿನಲ್ಲಿತ್ತು. ಅಜ್ಜನಿಗೆ ಸ್ಕಾಟ್ಲೆಂಡಿನ ಎಡಿನ್‌ಬರೋ ಕೋಟೆ ಹತ್ತಬೇಕು.

ಹೋಗಿ ಇನ್ನೂ ಸುತ್ತಾಟ ಶುರುವಾಗಿತ್ತು ಅಷ್ಟೇ. ನದಿ ಪಕ್ಕ ಮೆಟ್ಟಿಲು ಇಳಿಯುವಾಗ ಮಳೆ ನೀರಿಗೆ ಅಜ್ಜಿಯ ಕಾಲು ಜಾರಿತು. ಎಡಗೈ ಊರಿ ಬಿದ್ದರು. ಮಣಿಕಟ್ಟಿನ ಮೂಳೆ ಮುರಿದಿದೆ. ದಾರಿಯಲ್ಲಿ ಹೋಗುತ್ತಿದ್ದವರು ಎತ್ತಿ ಕೂರಿಸಿ, ಟ್ಯಾಕ್ಸಿ ಕರೆದು ಆಸ್ಪತ್ರೆಗೆ ಕಳಿಸಿದರಂತೆ. ಎಕ್ಸ್‌ರೇ ತೆಗೆದು ಅರ್ಧ ಪ್ಲಾಸ್ಟರ್ ಹಾಕಿದ್ದಾರೆ. ಮೂಳೆ ಜಾಗ ಬಿಟ್ಟು ಸರಿದಿಲ್ಲ, ಆಪರೇಷನ್ ಬೇಡ ಅಂದಿದ್ದಾರೆ. ತಲೆಗೆ ಪೆಟ್ಟಾಗಿಲ್ಲ.

ಊದಿಕೊಳ್ಳುವ ಮೊದಲೇ ಬಳೆ ತೆಗೀಬೇಕು ಅಂತ ನರ್ಸ್ ಹೇಳಿದಾಗ ಅಜ್ಜಿ ಒಪ್ಪಲಿಲ್ಲವಂತೆ. ಹಸಿರು ಗಾಜಿನ ಬಳೆ, ಹೊರಡೋ ಮುಂಚೆ ಚೌಕಿಪೇಟೆಯಲ್ಲಿ ಇಡಿಸಿಕೊಂಡಿದ್ದು. ಒಡೆಯೋದು ಮಾತ್ರ ಬೇಡ ಅಂದರು. ಆ ನರ್ಸ್ ಸೋಪಿನ ನೀರು ಹಚ್ಚಿ, ಬೆರಳು ಕೂಡಿಸಿ, ಒಂದೊಂದಾಗಿ ಜಾರಿಸಿ ತೆಗೆದಳಂತೆ. ಒಂದೂ ಒಡೀಲಿಲ್ಲ. ಆ ಹುಡುಗಿಗೆ ಪುಣ್ಯ ಬರಲಿ.

ಈಗ ಮನೆಯಲ್ಲಿ ದೊಡ್ಡ ಗಲಾಟೆ. ಅವ್ವ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ಬೆಂಗಳೂರಿನಲ್ಲಿರೋ ನಮ್ಮ ಮಾವ ನಾಳೆಯ ಟಿಕೆಟ್ ನೋಡ್ತಾ ಕೂತಿದ್ದಾರೆ. ಅಜ್ಜಿ ಮಾತ್ರ ಫೋನಲ್ಲಿ ಒಂದೇ ಮಾತು: "ಪೆಟ್ಟಾಗಿರೋದು ಕೈಗೆ, ಕಾಲಿಗೇನಾಗಿಲ್ಲ. ಇಷ್ಟು ದೂರ ಬಂದು ಬಸವಣ್ಣನ್ನ ನೋಡದೆ ನಾ ಬರಂಗಿಲ್ಲ." ವಾಪಸ್ ಟಿಕೆಟ್‌ಗೆ ಇನ್ನೂ ಎರಡು ವಾರದ ಮೇಲಿದೆ.

ನನಗೆ ಅಜ್ಜಿ ಹೇಳೋದೇ ಸರಿ ಅನ್ನಿಸುತ್ತಿದೆ. ಆದ್ರೆ ಸುಮ್ನೆ ಅಕ್ಕರೆಯಿಂದ ಹೇಳಿದ್ರೆ ಮನೆಯಲ್ಲಿ ಯಾರೂ ಕೇಳಲ್ಲ. ಗೊತ್ತಿರೋರು ದಯವಿಟ್ಟು ತಿಳಿಸಿ.

ಹರಿಹರದ ಸೊಸೆ

ಅಯ್ಯೋ, ಕೇಳಿ ತುಂಬಾ ಬೇಜಾರಾಯ್ತು. ನನ್ನ ಕೇಳಿದ್ರೆ ಕರೆಸಿಬಿಡಿ. ಪ್ರತಿಮೆ ಎಲ್ಲೂ ಹೋಗಲ್ಲ. ಈ ವಯಸ್ಸಿನಲ್ಲಿ ಕೈ ಮುರಿದುಕೊಂಡು ಪರದೇಶದಲ್ಲಿ ಯಾರು ನೋಡಿಕೊಳ್ಳುತ್ತಾರೆ? ಇಲ್ಲಿ ಮನೆ ಮಂದಿ ಇದ್ದಾರೆ, ನಮ್ಮ ಭಾಷೆಯ ಡಾಕ್ಟರ್ ಇದ್ದಾರೆ.

ದುರ್ಗದ ಹುಡುಗ

ಅಜ್ಜಿಯವರು ಗಟ್ಟಿಗಿತ್ತಿ. ಇರಲಿ ಬಿಡಿ ಅವರ ಪಾಡಿಗೆ.

ಮೂಳೆ ಡಾಕ್ಟರ್, ನಿವೃತ್ತ

ಮೊಮ್ಮಗಳೇ, ಗಾಬರಿ ಬೇಡ. ಇದು ನಾವು ದಿನಾ ನೋಡುತ್ತಿದ್ದ ಕೇಸು. ಅಂಗೈ ಊರಿ ಬಿದ್ದಾಗ ಆಗುವ ಈ ಮುರಿತಕ್ಕೆ ಕಾಲೀಸ್ ಫ್ರ್ಯಾಕ್ಚರ್ ಅನ್ನುತ್ತಾರೆ. ಡಬ್ಲಿನ್‌ನ ಸರ್ಜನ್ ಏಬ್ರಹಾಂ ಕಾಲೀಸ್ 1814ರಲ್ಲೇ ಇದನ್ನು ವಿವರಿಸಿ ಬರೆದಿದ್ದರು. ಆಗ ಎಕ್ಸ್‌ರೇ ಇರಲಿಲ್ಲ, ಅದು ಬಂದಿದ್ದು 1895ರಲ್ಲಿ. ಬರೀ ಕೈ ಮುಟ್ಟಿ ನೋಡಿ ಅಷ್ಟು ಸರಿಯಾಗಿ ಬರೆದಿದ್ದಾರೆ ಅಂದ್ರೆ ಈಗಲೂ ನನಗೆ ಕೈ ಮುಗಿಯಬೇಕು ಅನ್ನಿಸುತ್ತೆ.

ನಿಮ್ಮ ಮಾವನವರಿಗೆ ಒಂದು ವಿಷಯ ಹೇಳಿ. ನಾಳೆಯೇ ವಿಮಾನ ಹತ್ತಿಸುವುದು ಸುರಕ್ಷಿತ ಅಂತ ಅವರು ಅಂದುಕೊಂಡಿದ್ದಾರೆ, ಹಾಗಲ್ಲ. ಹೊಸದಾಗಿ ಮುರಿದ ಕೈ ಮೊದಲ ಎರಡು-ಮೂರು ದಿನ ಊದುತ್ತಲೇ ಇರುತ್ತೆ. ಹತ್ತು ಗಂಟೆ ಸೀಟಲ್ಲಿ ಕೂತರೆ ಊತ ಇನ್ನೂ ಜಾಸ್ತಿ. ಬಿಗಿಯಾದ ಪ್ಲಾಸ್ಟರ್ ಒಳಗೆ ಊದಿದರೆ ರಕ್ತ ಓಡುವುದಕ್ಕೇ ತೊಂದರೆ. ಅದಕ್ಕೇ ದೂರದ ಪ್ರಯಾಣಕ್ಕೆ ಪ್ಲಾಸ್ಟರ್ ಹಾಕಿ 48 ಗಂಟೆ ಆಗಿರಬೇಕು ಅಂತ ವಿಮಾನ ಕಂಪನಿಗಳು ಸಾಮಾನ್ಯವಾಗಿ ಕೇಳುತ್ತವೆ. ಅದಕ್ಕೂ ಮುಂಚೆ ಹೋಗಲೇಬೇಕಾದರೆ ಪ್ಲಾಸ್ಟರನ್ನು ಉದ್ದಕ್ಕೆ ಸೀಳಿಸಬೇಕು. ಎರಡು ಗಂಟೆಯೊಳಗಿನ ಹಾರಾಟಕ್ಕಾದರೆ 24 ಗಂಟೆ ಸಾಕು.

ಈಗ ಮಾಡಬೇಕಾದದ್ದು: ಕೈ ಯಾವಾಗಲೂ ಎದೆಗಿಂತ ಮೇಲಿರಲಿ. ಮಲಗಿದಾಗ ಎರಡು ದಿಂಬಿನ ಮೇಲೆ ಇಡಲಿ. ಬೆರಳು ಮಾತ್ರ ಸುಮ್ಮನೆ ಬಿಡಬಾರದು, ಗಂಟೆಗೊಮ್ಮೆ ಮುಷ್ಟಿ ಕಟ್ಟಿ ಬಿಚ್ಚಬೇಕು. ಭುಜ, ಮೊಣಕೈ ಕೂಡ ಆಡಿಸಬೇಕು. ನೋವಿಗೆ ಅಂತ ಹದಿನೈದು ದಿನ ಸ್ಲಿಂಗ್‌ನಲ್ಲಿ ಅಲ್ಲಾಡಿಸದೆ ಇಟ್ಟುಕೊಂಡವರ ಭುಜ ಹಿಡಿದುಕೊಂಡಿದ್ದನ್ನು ನಾನು ಬಹಳ ನೋಡಿದ್ದೇನೆ. ಕೈಗಿಂತ ಭುಜವೇ ಆಮೇಲೆ ಕಾಡುತ್ತೆ.

ಬೆರಳು ನೀಲಿ ಅಥವಾ ಬಿಳಿಚಿಕೊಂಡರೆ, ಜೋಮು ಹಿಡಿದು ಬಿಡದಿದ್ದರೆ, ಮಾತ್ರೆ ನುಂಗಿದರೂ ನೋವು ಏರುತ್ತಲೇ ಇದ್ದರೆ ಅರ್ಧ ರಾತ್ರಿಯಾದರೂ ಸರಿ, ಅದೇ ಆಸ್ಪತ್ರೆಗೆ ಹೋಗಬೇಕು. ಬೆಳಿಗ್ಗೆ ನೋಡೋಣ ಅನ್ನುವುದು ಬೇಡ.

ಅಜ್ಜಿ ರಕ್ತ ತೆಳುವಾಗುವ ಮಾತ್ರೆ ಏನಾದರೂ ತಗೊಳ್ತಾರಾ? ಶುಗರ್, ಬಿಪಿ?

ವಿದ್ಯಾನಗರದ ಮೊಮ್ಮಗಳು

ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ನಿಮ್ಮ ಬರಹ ಅವ್ವನಿಗೆ ಓದಿ ಹೇಳಿದೆ. ವಿಮಾನ ಹತ್ತಿಸಿದ್ರೆ ಊತ ಜಾಸ್ತಿ ಆಗುತ್ತೆ ಅಂದ ಕೂಡಲೇ ಅವ್ವ ಮಾವನಿಗೆ ಫೋನ್ ಮಾಡಿ "ಟಿಕೆಟ್ ಮಾಡಬ್ಯಾಡ ತಡಿ" ಅಂದರು.

ರಕ್ತ ತೆಳುವಾಗೋ ಮಾತ್ರೆ ಇಬ್ಬರೂ ತಗೊಳ್ಳಲ್ಲ. ಅಜ್ಜಿಗೆ ಶುಗರ್ ಇದೆ, ಮಾತ್ರೆಯಲ್ಲಿ ಹಿಡಿತದಲ್ಲಿದೆ. ಅಜ್ಜನಿಗೆ ಬಿಪಿ. ಮಾತ್ರೆ ಎಲ್ಲಾ ಹೆಚ್ಚಿಗೇ ಇವೆ, ಕೈಚೀಲದಲ್ಲೇ ಇಟ್ಟುಕೊಂಡು ಹೋಗಿದ್ದರು.

ಮೂಳೆ ಡಾಕ್ಟರ್, ನಿವೃತ್ತ

ಒಳ್ಳೆಯದು. ತಲೆಗೆ ಪೆಟ್ಟಾಗಿದ್ದು, ಜೊತೆಗೆ ರಕ್ತ ತೆಳುವಾಗುವ ಮಾತ್ರೆಯೂ ಇದ್ದಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ. ತೊಡೆಯ ಮೂಳೆ, ಎದೆ ನೋವು, ಇದ್ದಕ್ಕಿದ್ದಂತೆ ಮಾತು ತೊದಲುವುದು, ಇಂಥದ್ದಾದರೆ ಪ್ರವಾಸದ ಮಾತೇ ಇಲ್ಲ. ಇದು ಹಾಗಲ್ಲ. ಮೂಳೆ ಕೂಡಲು ಐದಾರು ವಾರ ಬೇಕು. ಆ ಐದಾರು ವಾರ ದಾವಣಗೆರೆಯಲ್ಲಿದ್ದರೂ ಪ್ಲಾಸ್ಟರ್ ಅದೇ, ಲಂಡನ್‌ನಲ್ಲಿದ್ದರೂ ಅದೇ.

ನೋವಿಗೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್ ಥರದ್ದನ್ನು ಶುಗರ್ ಇರುವವರು ಕಿಡ್ನಿ ಹೇಗಿದೆ ಅಂತ ತಿಳಿಯದೆ ತಾವಾಗಿ ನುಂಗಬಾರದು.

ಲಂಡನ್ ಕನ್ನಡತಿ

ನಾನು ಹುಟ್ಟಿದ್ದು ಜಗಳೂರು, ಈಗ ಇಲ್ಲೇ ಇದ್ದೀನಿ. ಖರ್ಚಿನ ಬಗ್ಗೆ ಯಾರೂ ಕೇಳಿಲ್ಲ, ಅದನ್ನ ಹೇಳ್ತೀನಿ.

ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ಎ ಅಂಡ್ ಇ, ಅಂದ್ರೆ ತುರ್ತು ವಿಭಾಗದೊಳಗೆ ಕೊಟ್ಟ ಚಿಕಿತ್ಸೆಗೆ ಯಾರಿಗೂ ದುಡ್ಡಿಲ್ಲ. ಪ್ರವಾಸಿಗಳಿಗೂ ಇಲ್ಲ. ಆದ್ರೆ ಅಡ್ಮಿಟ್ ಆದ್ರೆ, ಅಥವಾ ಆಮೇಲೆ ಹೊರರೋಗಿಯಾಗಿ ಹೋದ್ರೆ ಬಿಲ್ ಬರುತ್ತೆ. ವಿಸಿಟರ್ ವೀಸಾದವರಿಗೆ ಎನ್‌ಎಚ್‌ಎಸ್, ಅಂದ್ರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ದರದ ಒಂದೂವರೆ ಪಟ್ಟು ಹಾಕ್ತಾರೆ. ಅಜ್ಜಿಗೆ ಒಂದೆರಡು ವಾರದಲ್ಲಿ ಫ್ರ್ಯಾಕ್ಚರ್ ಕ್ಲಿನಿಕ್‌ಗೆ ಬನ್ನಿ ಅಂತ ಹೇಳಿರ್ತಾರೆ. ಅದಕ್ಕೆ ದುಡ್ಡು ಕೊಡಬೇಕಾಗುತ್ತೆ. ಬಿಲ್ ಬಂತು ಅಂತ ಹೆದರಿ ಹೋಗದೆ ಇರಬೇಡಿ. ವಿಮೆಯವರಿಗೆ ಮೊದಲೇ ತಿಳಿಸಿ ಹೋಗಿ.

ಅರ್ಧ ರಾತ್ರಿ ಏನಾದರೂ ಸಂಶಯ ಬಂದ್ರೆ 111ಕ್ಕೆ ಫೋನ್ ಮಾಡಿ. ಜೀವಕ್ಕೆ ಅಪಾಯ ಅನ್ನಿಸಿದ್ರೆ 999. ಇಂಗ್ಲಿಷ್ ಕಷ್ಟ ಆದ್ರೆ ಆಸ್ಪತ್ರೆಯಲ್ಲಿ ದುಭಾಷಿ ಬೇಕು ಅಂತ ಕೇಳಬಹುದು, ಅದಕ್ಕೆ ರೋಗಿಯಿಂದ ದುಡ್ಡು ತಗೊಳ್ಳಲ್ಲ.

ಮಾತ್ರೆ ಮುಗಿಯದ ಹಾಗೆ ನೋಡಿಕೊಳ್ಳಿ. ನಮ್ಮೂರಿನ ಡಾಕ್ಟರ್ ಚೀಟಿಗೆ ಇಲ್ಲಿನ ಮೆಡಿಕಲ್ ಶಾಪ್‌ನಲ್ಲಿ ಔಷಧಿ ಕೊಡಲ್ಲ. ಪ್ಯಾರಾಸಿಟಮಾಲ್ ಮಾತ್ರ ದಿನಸಿ ಅಂಗಡಿಯಲ್ಲೂ ಸಿಗುತ್ತೆ, 16 ಮಾತ್ರೆಯ ಪ್ಯಾಕ್. ಒಂದೇ ಸಲಕ್ಕೆ ಎರಡಕ್ಕಿಂತ ಜಾಸ್ತಿ ಪ್ಯಾಕ್ ಕೊಡಲ್ಲ.

ಬಸವಣ್ಣನ ಪ್ರತಿಮೆ ಇರೋದು ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ. ಲ್ಯಾಂಬೆತ್ ಸೇತುವೆ, ವಾಕ್ಸ್‌ಹಾಲ್ ಸೇತುವೆ ನಡುವೆ ನದಿ ಪಕ್ಕದ ರಸ್ತೆ ಅದು. ನೆಲ ಸಮತಟ್ಟಾಗಿದೆ. ಅಂಡರ್‌ಗ್ರೌಂಡ್ ರೈಲು ಬೇಡ, ಮೆಟ್ಟಿಲು, ಎಸ್ಕಲೇಟರ್, ಜನಜಂಗುಳಿ. ಬಸ್ಸಲ್ಲಿ ಹೋಗಲಿ. ಲಂಡನ್ ಬಸ್‌ಗಳೆಲ್ಲಾ ತಗ್ಗು ನೆಲದವು, ಹತ್ತೋಕೆ ಸುಲಭ. ಮುಂದಿನ ಸೀಟು ವಯಸ್ಸಾದವರಿಗೇ ಇರೋದು. ಕೈಗೆ ಪ್ಲಾಸ್ಟರ್ ಕಂಡ್ರೆ ಜನ ತಾವೇ ಎದ್ದು ಕೊಡ್ತಾರೆ. ಎಷ್ಟೇ ಹತ್ತಿರ ಇದ್ರೂ ಬಸ್ ನಿಂತ ಮೇಲೇ ಏಳಲಿ.

ವಿಮೆ ವ್ಯವಹಾರ ನೋಡೋರು

ಇನ್ನೂ ವಿಮೆಯವರಿಗೆ ಫೋನ್ ಮಾಡಿಲ್ಲ ಅಂದ್ರೆ ಈಗಲೇ ಮಾಡಿ. ಪಾಲಿಸಿ ಕಾಗದದಲ್ಲಿ ವಿದೇಶದಿಂದ ಕರೆ ಮಾಡುವ ನಂಬರ್ ಇರುತ್ತೆ. ಕರೆ ಮಾಡಿ ಕ್ಲೇಮ್ ನಂಬರ್ ಬರೆದುಕೊಳ್ಳಿ. ತಡವಾದಷ್ಟೂ ಪ್ರಶ್ನೆ ಜಾಸ್ತಿ.

ಮಾವನವರು ಗಮನಿಸಬೇಕಾದ್ದು ಇನ್ನೊಂದಿದೆ. ಪ್ರವಾಸ ಮೊಟಕಾದರೆ ದುಡ್ಡು ಕೊಡುವ ಕಲಂ ಬಹುತೇಕ ಪಾಲಿಸಿಗಳಲ್ಲಿ ಇರುತ್ತೆ. ಆದರೆ ಅಲ್ಲಿನ ಡಾಕ್ಟರ್ "ಇವರು ವಾಪಸ್ ಹೋಗಲೇಬೇಕು" ಅಂತ ಬರೆದುಕೊಟ್ಟರೆ ಮಾತ್ರ. ನಾವಾಗಿ ಹೆದರಿ ಕರೆಸಿಕೊಂಡರೆ ಹೊಸ ಟಿಕೆಟ್ ಖರ್ಚು ನಮ್ಮದೇ. ಹಿಂದಿನ ಟಿಕೆಟ್ ದುಡ್ಡೂ ಹೋಗುತ್ತೆ, ಉಳಿದ ದಿನದ ರೂಮ್ ದುಡ್ಡೂ ಹೋಗುತ್ತೆ.

ಆಸ್ಪತ್ರೆಯ ಪತ್ರ, ಬಿಲ್, ಕಾರ್ಡ್ ರಸೀದಿ, ಟ್ಯಾಕ್ಸಿ ರಸೀದಿ, ಬೋರ್ಡಿಂಗ್ ಪಾಸ್ ಎಲ್ಲಾ ಇರಲಿ. ಫೋಟೋ ತೆಗೆದು ನಿಮಗೆ ಕಳಿಸಲಿ, ಮೂಲ ಪ್ರತಿ ಅಜ್ಜನವರ ಹತ್ರ ಇರಲಿ. ಶುಗರ್ ವಿಷಯ ಪಾಲಿಸಿ ತಗೊಳ್ಳುವಾಗ ಬರೆದಿದ್ದೀರಾ?

ವಿದ್ಯಾನಗರದ ಮೊಮ್ಮಗಳು

ಬರೆದಿದ್ದೀವಿ ಸರ್. ಅರ್ಜಿ ತುಂಬಿದ್ದೇ ಅಜ್ಜ. ಒಂದು ಕಾಲಂ ಖಾಲಿ ಬಿಡೋ ಜನ ಅಲ್ಲ ಅವರು. ಫೋನೂ ಮಾಡಿ ಆಯ್ತು, ಕ್ಲೇಮ್ ನಂಬರ್ ಕೊಟ್ಟಿದ್ದಾರೆ.

ಹರಿಹರದ ಸೊಸೆ

ನಾನು ಮೊದಲು ಹೇಳಿದ್ದನ್ನ ಇನ್ನೂ ಬಿಟ್ಟಿಲ್ಲ. ಡಾಕ್ಟ್ರು ಹೇಳಿದ್ದು ಸರಿ, ವಿಮೆಯವರು ಹೇಳಿದ್ದೂ ಸರಿ. ಆದ್ರೆ ದಿನದ ಬದುಕು ಯೋಚನೆ ಮಾಡಿ. ಒಂದು ಕೈಯಲ್ಲಿ ಸ್ನಾನ ಹೇಗೆ? ತಲೆ ಬಾಚೋದು ಹೇಗೆ? ರಾತ್ರಿ ಎದ್ದು ಬಾತ್‌ರೂಮಿಗೆ ಹೋಗುವಾಗ ಮತ್ತೆ ಜಾರಿದ್ರೆ? ನಮ್ಮತ್ತೆಗೆ ಕೈ ಮುರಿದಾಗ ನಾನೇ ನೋಡಿಕೊಂಡಿದ್ದು. ಅವರು ಅತ್ತಿದ್ದು ನೋವಿಗಲ್ಲ, ಸೀರೆ ಉಟ್ಟುಕೊಳ್ಳೋಕೆ ಆಗ್ತಿಲ್ಲ ಅಂತ. ಅಲ್ಲಿ ಅಜ್ಜಿಗೆ ಯಾರಿದ್ದಾರೆ?

ವಿದ್ಯಾನಗರದ ಮೊಮ್ಮಗಳು

ಅಕ್ಕಾ, ನೀವು ಕೇಳಿದ್ದೇ ನಮ್ಮವ್ವ ಕೇಳಿದ್ದು. ಅಜ್ಜ ಇದ್ದಾರೆ.

ಇವತ್ತು ವಿಡಿಯೋ ಕಾಲ್‌ನಲ್ಲಿ ನೋಡಿದೆ. ಅಲ್ಲಿ ಬೆಳಿಗ್ಗೆ, ಇಲ್ಲಿ ಮಧ್ಯಾಹ್ನ ದಾಟಿತ್ತು. ಫೋನನ್ನ ಕೆಟಲ್‌ಗೆ ಒರಗಿಸಿ ಇಟ್ಟಿದ್ದರು. ಅಜ್ಜಿ ಕೈಗೆ ಸ್ಲಿಂಗ್ ಹಾಕಿಕೊಂಡು ನಿಂತಿದ್ದರು. ಅಜ್ಜ ಮಂಡಿಯೂರಿ ಕೂತು ನಿರಿಗೆ ಹಿಡಿಯುತ್ತಿದ್ದರು. ಗೇಣು ಅಳತೆ ಹಾಕಿ, ಒಂದೊಂದು ನಿರಿಗೆಯನ್ನೂ ಹೆಬ್ಬೆರಳಲ್ಲಿ ಒತ್ತಿ, ಮೇಲೆ ಪಿನ್ ಹಾಕಿ, ಆಮೇಲೆ ಅಜ್ಜಿ ಕೈಗೆ ಕೊಟ್ಟರು. ಅಜ್ಜಿ ಬಲಗೈಯಲ್ಲಿ ಸಿಕ್ಕಿಸಿಕೊಂಡರು. "ಇನ್ನೂ ಸ್ವಲ್ಪ ಸಣ್ಣ ಹಿಡೀರಿ, ಕಾಲಿಗೆ ತೊಡರ್ತಾವೆ" ಅಂದರು. ಅಜ್ಜ ಮತ್ತೆ ಬಿಚ್ಚಿ ಮೊದಲಿಂದ ಹಿಡಿದರು. ಐವತ್ತು ವರ್ಷದ ಸಂಸಾರದಲ್ಲಿ ಅಜ್ಜ ಒಂದು ಲೋಟ ತೊಳೆದಿದ್ದನ್ನೂ ನಾನು ನೋಡಿಲ್ಲ. ಅವ್ವ ಪಕ್ಕದಲ್ಲೇ ನಿಂತು ನೋಡ್ತಿದ್ರು, ಒಂದು ಮಾತೂ ಆಡಲಿಲ್ಲ.

ಸ್ನಾನಕ್ಕೆ ಪ್ಲಾಸ್ಟರ್ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿ ಟೇಪ್ ಹಾಕ್ತಾರಂತೆ. ಬಾತ್‌ರೂಮಲ್ಲಿ ಕೂರೋಕೆ ಸ್ಟೂಲ್ ಬೇಕು ಅಂತ ರೂಮಿನವರನ್ನ ಕೇಳಿದ್ದಾರೆ, ಕೊಟ್ಟಿದ್ದಾರೆ. ರಾತ್ರಿ ದೀಪ ಆರಿಸೋದಿಲ್ಲ.

ಹರಿಹರದ ಸೊಸೆ

ನಿರಿಗೆ ಹಿಡಿದ್ರಾ? ಹಂಗಾದ್ರೆ ನಾನು ಅರ್ಧ ಒಪ್ಪಿದೆ. ಸೀರೆ ಅಂಚು ಒಂದು ಬೆರಳು ಮೇಲೆ ಉಡಲಿ. ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರೋ ಶೂ ಹಾಕಿಕೊಳ್ಳಲಿ. ಒದ್ದೆ ಕಲ್ಲು ಕಂಡ ಕಡೆ ಅಜ್ಜನ ಕೈ ಹಿಡ್ಕೊಳ್ಳಲಿ, ನಾಚಿಕೆ ಬೇಡ.

ಕೋಟೆ ರಸ್ತೆ, ಚಿತ್ರದುರ್ಗ

ನಾನು ಬೇರೆ ಥರದ ಕಥೆ ಹೇಳ್ತೀನಿ. ಮುಂದುವರಿಯಬೇಕಾ ಬೇಡವಾ ಅನ್ನೋದು ಧೈರ್ಯದ ಮೇಲಷ್ಟೇ ಇರಲ್ಲ, ಕಾಗದದ ಮೇಲೂ ಇರುತ್ತೆ. ನಮ್ಮ ಅಪ್ಪ-ಅಮ್ಮ ಯುರೋಪಿಗೆ ಹೋದಾಗ ಪ್ಯಾರಿಸ್‌ನಲ್ಲಿ ಅಪ್ಪನ ಸೊಂಟದ ಪೌಚ್ ಕಳುವಾಯ್ತು. ಪಾಸ್‌ಪೋರ್ಟ್ ಅದರಲ್ಲೇ ಇತ್ತು. ಸ್ವಿಟ್ಜರ್ಲೆಂಡ್ ಇನ್ನೂ ಬಾಕಿ ಇತ್ತು.

ಪೊಲೀಸರಿಗೆ ದೂರು ಕೊಟ್ಟು ಭಾರತದ ರಾಯಭಾರ ಕಚೇರಿಗೆ ಹೋದರು. ಅಲ್ಲಿ ಬೇಗ ಸಿಗುವುದು ಎಮರ್ಜೆನ್ಸಿ ಸರ್ಟಿಫಿಕೇಟ್. ಅದು ಭಾರತಕ್ಕೆ ವಾಪಸ್ ಬರೋಕೆ ಮಾತ್ರ, ಒಂದು ಸಲಕ್ಕೆ. ಅದನ್ನ ಇಟ್ಟುಕೊಂಡು ಊರೂರು ಸುತ್ತೋಕಾಗಲ್ಲ. ಹೊಸ ಪಾಸ್‌ಪೋರ್ಟ್ ಬೇಕು ಅಂದ್ರೆ ಕಾಯಬೇಕು, ಹಳೆಯದರಲ್ಲಿದ್ದ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ನಡೆಯೋ ಒಂದೇ ವೀಸಾ) ಅದರ ಜೊತೆಗೇ ಹೋಯ್ತು. ಅಮ್ಮನ ಪಾಸ್‌ಪೋರ್ಟ್ ಚೆನ್ನಾಗೇ ಇತ್ತು, ಅಪ್ಪ ಅಷ್ಟು ಹೇಳಿದ್ರೂ ಅವರು ಒಬ್ಬರೇ ಮುಂದೆ ಹೋಗಲಿಲ್ಲ. ಇಬ್ಬರೂ ವಾಪಸ್ ಬಂದರು. ಅದೇ ಸರಿ ಇತ್ತು.

ನಿಮ್ಮ ಅಜ್ಜ-ಅಜ್ಜಿ ಇಬ್ಬರ ಪಾಸ್‌ಪೋರ್ಟ್, ವೀಸಾ ಸರಿ ಇದೆ ಅಂದ್ರೆ ದೊಡ್ಡ ಅಡ್ಡಿ ಇಲ್ಲ ಅಂತಲೇ ಲೆಕ್ಕ. ಆಸ್ಪತ್ರೆ ಓಡಾಟದ ಗಡಿಬಿಡಿಯಲ್ಲಿ ಪಾಸ್‌ಪೋರ್ಟ್ ಎಲ್ಲಿಟ್ಟಿದ್ದಾರೆ ಅಂತ ಒಂದು ಸಲ ಕೇಳಿ.

ಮಂಡಕ್ಕಿ ಪೇಟೆ

ನಮ್ಮ ಮನೆಯವರದ್ದು ಬ್ಯಾಗ್ ಬರಲಿಲ್ಲ. ಸಿಂಗಾಪುರದಲ್ಲಿ ಇಳಿದರೆ ಬೆಲ್ಟ್ ಮೇಲೆ ಏನೂ ಇಲ್ಲ. ಬಟ್ಟೆ, ಅಜ್ಜಿಯ ಹಲ್ಲಿನ ಡಬ್ಬಿ, ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಎಲ್ಲಾ ಅದರಲ್ಲೇ.

ಏರ್‌ಪೋರ್ಟ್ ಬಿಡುವ ಮುಂಚೆಯೇ ಕೌಂಟರ್‌ನಲ್ಲಿ ಪಿಐಆರ್ ಅನ್ನೋ ದೂರು ಬರೆಸಬೇಕು. ಅದರ ನಂಬರ್ ಇಲ್ಲದಿದ್ರೆ ಮುಂದೆ ಏನು ಕೇಳೋಕೂ ಕಷ್ಟ. ವಿಮಾನ ಪ್ರಯಾಣಕ್ಕೆ ದೇಶದೇಶಗಳ ನಡುವೆ ಇರೋ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ತಡವಾಗಿ ಬಂದ ಬ್ಯಾಗಿನ ಬಗ್ಗೆ ಅದು ಕೈ ಸೇರಿದ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಒಡೆದಿದ್ದರೆ 7 ದಿನದೊಳಗೆ. 21 ದಿನ ಆದ್ರೂ ಬರದಿದ್ರೆ ಕಳೆದುಹೋಯ್ತು ಅಂತ ಲೆಕ್ಕ. ಅಲ್ಲಿವರೆಗೆ ಕೊಂಡ ಬಟ್ಟೆ, ಸೋಪು, ಬ್ರಶ್ಶಿನ ರಸೀದಿ ಇಟ್ಟುಕೊಂಡಿದ್ರು, ಆ ದುಡ್ಡು ಬಂತು. ಪ್ರವಾಸ ನಿಲ್ಲಿಸಲಿಲ್ಲ.

ನಿವೃತ್ತ ಹೆಡ್‌ಮಾಸ್ಟರ್, ಹೊಳಲ್ಕೆರೆ

ನನಗೆ 77. ಮಕ್ಕಳಿಗೆ ಒಂದು ಮಾತು ಹೇಳಬೇಕು ಅನ್ನಿಸಿತು. ನಮ್ಮ ವಯಸ್ಸಿನಲ್ಲಿ "ಮುಂದಿನ ವರ್ಷ ಹೋದರಾಯಿತು" ಅನ್ನುವುದು ಅಷ್ಟು ಸುಲಭವಲ್ಲ. ಮುಂದಿನ ವರ್ಷ ಮೊಣಕಾಲು ಹೇಗಿರುತ್ತೋ, ವಿಮೆ ಕೊಡುತ್ತಾರೋ ಇಲ್ಲವೋ, ಇಬ್ಬರೂ ಇರುತ್ತೇವೋ ಇಲ್ಲವೋ. ನೀವು ಕರೆಸಿಕೊಂಡರೆ ನಿಮ್ಮ ಮನಸ್ಸಿಗೆ ಸಮಾಧಾನ, ಅದು ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ಅಜ್ಜಿ ಬಂದು ಕೂತು ಆರು ವಾರ ಗೋಡೆ ನೋಡುತ್ತಾ ಏನು ನೆನೆಸಿಕೊಳ್ಳುತ್ತಾರೆ, ಅದನ್ನೂ ಯೋಚಿಸಿ. ಬೇಡ, ಆಗುವುದಿಲ್ಲ ಅನ್ನಿಸಿದರೆ ಅವರೇ ಹೇಳುತ್ತಾರೆ. ಹೇಳಿದ ತಕ್ಷಣ ಕರೆಸುತ್ತೇವೆ ಅಂತ ಮಾತ್ರ ಅವರಿಗೆ ಮೊದಲೇ ತಿಳಿಸಿ. "ಹಟ ಮಾಡಿ ಉಳಿದೆ, ಈಗ ಯಾವ ಮುಖ ಇಟ್ಟುಕೊಂಡು ಬರ್ತೀನಿ ಅನ್ನಲಿ" ಅಂತ ನೋವು ನುಂಗಿಕೊಂಡು ಕೂರಬಾರದು.

ವಿದ್ಯಾನಗರದ ಮೊಮ್ಮಗಳು

ಸರ್, ನಿಮ್ಮ ಕೊನೆ ಮಾತನ್ನ ಮಾವ ತಾವೇ ಅಜ್ಜಿಗೆ ಹೇಳಿದರು. "ಅವ್ವಾ, ನೀನು ಯಾವಾಗ ಬರ್ತೀನಿ ಅಂದ್ರೂ ನಾ ಟಿಕೆಟ್ ಮಾಡ್ತೀನಿ, ಯಾಕೆ ಅಂತ ಕೇಳಲ್ಲ" ಅಂತ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು "ಆತು" ಅಂದರು. ಅವತ್ತಿಂದ ಮನೆಯಲ್ಲಿ ಜಗಳ ನಿಂತಿದೆ.

ಈಗ ಹೀಗೆ ಮಾಡಿದ್ದಾರೆ. ಊತ ಇಳಿಯುವವರೆಗೆ ರೂಮಿನಲ್ಲೇ ವಿಶ್ರಾಂತಿ, ಪಕ್ಕದ ಪಾರ್ಕಿನಲ್ಲಿ ಒಂದು ಸುತ್ತು, ಅಷ್ಟೇ. ಎಡಿನ್‌ಬರೋ ರೈಲು ಮುಂದಕ್ಕೆ ಹಾಕಿದ್ದಾರೆ. ಅದು ಅಡ್ವಾನ್ಸ್ ಟಿಕೆಟ್, ರದ್ದು ಮಾಡಿದ್ರೆ ದುಡ್ಡು ವಾಪಸ್ ಇಲ್ಲ. ಆದ್ರೆ ರೈಲು ಹೊರಡುವ ಮುಂಚೆ ಶುಲ್ಕ ಕಟ್ಟಿ ದಿನ ಬದಲಿಸಬಹುದು, ದರದ ವ್ಯತ್ಯಾಸ ಸೇರಿಸಿ. ಫ್ರ್ಯಾಕ್ಚರ್ ಕ್ಲಿನಿಕ್ ಮುಗಿಸಿಕೊಂಡು ಹೋಗೋದು ಅಂತ ತೀರ್ಮಾನ.

ಲಂಡನ್ ಕನ್ನಡತಿ

ಒಳ್ಳೆ ತೀರ್ಮಾನ. ರೈಲಿಗೆ ಪ್ಯಾಸೆಂಜರ್ ಅಸಿಸ್ಟ್ ಅಂತ ಒಂದು ಸೇವೆ ಇದೆ, ದುಡ್ಡಿಲ್ಲ. ಎರಡು ಗಂಟೆ ಮುಂಚೆ ಹೇಳಿದ್ರೂ ಸಾಕು. ಕಿಂಗ್ಸ್ ಕ್ರಾಸ್ ಸ್ಟೇಷನ್‌ನಲ್ಲಿ ಬಂದು ಸಾಮಾನು ಹಿಡಿದು ಬೋಗಿಗೆ ಹತ್ತಿಸ್ತಾರೆ, ಎಡಿನ್‌ಬರೋ ವೇವರ್ಲಿಯಲ್ಲಿ ಇನ್ನೊಬ್ಬರು ಬಂದು ಇಳಿಸ್ತಾರೆ. ಸುಮಾರು ನಾಲ್ಕೂವರೆ ಗಂಟೆ ಪ್ರಯಾಣ. 60 ದಾಟಿದವರಿಗೆ ಸೀನಿಯರ್ ರೈಲ್‌ಕಾರ್ಡ್ ಕೂಡ ಸಿಗುತ್ತೆ, ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಕಡಿಮೆ.

ಎಡಿನ್‌ಬರೋದ ರಾಯಲ್ ಮೈಲ್ ಬೀದಿಯಲ್ಲಿ ಕಲ್ಲು ಹಾಸಿದ್ದಾರೆ, ಮಳೆ ಬಂದ್ರೆ ಜಾರುತ್ತೆ. ಪಕ್ಕದ ಫುಟ್‌ಪಾತ್ ಮೇಲೇ ನಡೀಲಿ. ಕೋಟೆ ಬಾಗಿಲವರೆಗೂ ನಡೆಯೋದು ಬೇಡ, ಆದಷ್ಟು ಮೇಲೆ ಟ್ಯಾಕ್ಸಿಯಲ್ಲಿ ಹೋಗಲಿ.

ವಿದ್ಯಾನಗರದ ಮೊಮ್ಮಗಳು

ಬಸವಣ್ಣನ ದರ್ಶನ ಆಯ್ತು!

ಬಸ್ಸಲ್ಲೇ ಹೋದರಂತೆ. ಬಿಸಿಲು ಚೆನ್ನಾಗಿತ್ತು. ಅಜ್ಜಿ ಊರಿಂದ ತಗೊಂಡು ಹೋಗಿದ್ದ ವಿಭೂತಿ ಹಚ್ಚಿಕೊಂಡು, ಬಲಗೈ ಒಂದನ್ನೇ ಎದೆಗಿಟ್ಟುಕೊಂಡು ನಿಂತಿದ್ದ ಫೋಟೋ ಕಳಿಸಿದ್ದಾರೆ. ಅಲ್ಲೇ ಬೆಂಚಿನ ಮೇಲೆ ಒಂದು ಗಂಟೆ ಕೂತಿದ್ದರಂತೆ. ಬಿಜಾಪುರ ಕಡೆಯ ಒಂದು ಕುಟುಂಬ ಸಿಕ್ಕಿ, ಮಾತಾಡಿ, ಅವರೇ ಕಾರಿನಲ್ಲಿ ರೂಮಿಗೆ ಬಿಟ್ಟರಂತೆ. ಅವ್ವ ಆ ಫೋಟೋನ ಓಣಿಯವರಿಗೆಲ್ಲಾ ತೋರಿಸ್ತಿದ್ದಾರೆ.

ದುರ್ಗದ ಹುಡುಗ

ಫೋಟೋ ಸುದ್ದಿ ಕೇಳಿ ಖುಷಿಯಾಯ್ತು. ನಮ್ಮ ಅಜ್ಜಿಗೂ ಓದಿ ಹೇಳಿದೆ.

ಮೂಳೆ ಡಾಕ್ಟರ್, ನಿವೃತ್ತ

ಸಂತೋಷ. ಬೆರಳು ಆಡಿಸುತ್ತಿದ್ದಾರಾ?

ವಿದ್ಯಾನಗರದ ಮೊಮ್ಮಗಳು

ಆಡಿಸ್ತಿದ್ದಾರೆ ಡಾಕ್ಟ್ರೇ. ಅಜ್ಜ ಫೋನಲ್ಲಿ ಗಂಟೆಗೊಂದು ಅಲಾರಂ ಇಟ್ಟಿದ್ದಾರೆ.

ಕ್ಲಿನಿಕ್ ಕೂಡ ಮುಗೀತು. ಮತ್ತೆ ಎಕ್ಸ್‌ರೇ ತೆಗೆದು, ಮೂಳೆ ಸರಿದಿಲ್ಲ ಅಂತ ಹೇಳಿ, ಪೂರ್ತಿ ಪ್ಲಾಸ್ಟರ್ ಹಾಕಿ ಕಳಿಸಿದ್ದಾರೆ. ವಿಮಾನ ಹತ್ತೋಕೆ ಅಡ್ಡಿ ಇಲ್ಲ ಅಂತ ಪತ್ರ ಕೊಟ್ಟಿದ್ದಾರೆ. ಬಿಲ್ ಬಂತು, ಕಟ್ಟಿ ರಸೀದಿ ವಿಮೆಯವರಿಗೆ ಕಳಿಸಿದ್ದೀವಿ.

ಎಡಿನ್‌ಬರೋಗೂ ಹೋದರು. ಕೋಟೆ ಪೂರ್ತಿ ಸುತ್ತಲಿಲ್ಲ. ಅಜ್ಜಿ ಕೆಳಗಿನ ಅಂಗಳದಲ್ಲಿ ಕೂತರು, ಅಜ್ಜ ಮೇಲೆ ಹೋಗಿ ಬಂದರು. ಮಧ್ಯಾಹ್ನ ಒಂದು ಗಂಟೆಗೆ ಅಲ್ಲಿ ತೋಪು ಹಾರಿಸ್ತಾರೆ, ಭಾನುವಾರ ಬಿಟ್ಟು. 1861ರಿಂದ ನಡೆದುಕೊಂಡು ಬಂದಿದೆ, ಬಂದರಿನ ಹಡಗುಗಳಿಗೆ ಗಡಿಯಾರ ಸರಿ ಮಾಡಿಕೊಳ್ಳೋಕೆ ಅಂತ ಶುರು ಮಾಡಿದ್ದು. ಅಜ್ಜ ತಮ್ಮ ಕೈಗಡಿಯಾರ ನೋಡಿಕೊಂಡು ನಿಂತಿದ್ದರಂತೆ. ಸರಿಯಾಗಿತ್ತಂತೆ! ಕೋಟೆ ಹೇಗಿತ್ತು ಅಂತ ಕೇಳಿದ್ರೆ "ಚೆನ್ನಾಗೈತಿ, ಆದ್ರೆ ಏಳು ಸುತ್ತು ಅಂದ್ರೆ ನಮ್ಮ ದುರ್ಗದ್ದೇ" ಅಂದರು.

ಕೋಟೆ ರಸ್ತೆ, ಚಿತ್ರದುರ್ಗ

ಅಜ್ಜನವರಿಗೆ ದುರ್ಗದವರ ಪರವಾಗಿ ನಮಸ್ಕಾರ.

ಮಂಡಕ್ಕಿ ಪೇಟೆ

ವಾಪಸ್ ಬರುವಾಗ ವೀಲ್‌ಚೇರ್ ಹೇಳಿದ್ದೀರಾ? ನಡೆಯೋಕೆ ಬರುತ್ತೆ ಅಂತ ಬಿಡಬೇಡಿ. ದೊಡ್ಡ ಏರ್‌ಪೋರ್ಟ್‌ನಲ್ಲಿ ನಡೆಯೋದೇ ಮೈಲುಗಟ್ಟಲೆ. 48 ಗಂಟೆ ಮುಂಚೆ ವಿಮಾನ ಕಂಪನಿಗೆ ಹೇಳಬೇಕು. ಕ್ಯೂ ತಪ್ಪುತ್ತೆ, ಬ್ಯಾಗ್ ಎತ್ತೋ ಕಷ್ಟವೂ ತಪ್ಪುತ್ತೆ.

ವಿದ್ಯಾನಗರದ ಮೊಮ್ಮಗಳು

ಹೇಳಿದ್ದೀವಿ. ಅಜ್ಜಿ ಮೊದಲು ಒಪ್ಪಲಿಲ್ಲ. ಜನರ ನೂಕಾಟದಲ್ಲಿ ಕೈಗೆ ತಾಗುತ್ತೆ ಅಂತ ಅಜ್ಜ ಹೇಳಿದ ಮೇಲೆ ಒಪ್ಪಿದರು.

ಮೂಳೆ ಡಾಕ್ಟರ್, ನಿವೃತ್ತ

ಎರಡು ಕೆಲಸ ಬಾಕಿ. ಒಂದು, ಅಲ್ಲಿನ ಎಕ್ಸ್‌ರೇ ಮತ್ತು ಕ್ಲಿನಿಕ್ ಪತ್ರ ಕೇಳಿ ತಗೊಂಡು ಬರಲಿ. ಇಲ್ಲಿನ ಡಾಕ್ಟರ್‌ಗೆ ಹೋಲಿಸಿ ನೋಡಲು ಬೇಕು. ಎರಡು, ಇದು ಮುಖ್ಯ. ನಿಂತ ಎತ್ತರದಿಂದ ಬಿದ್ದಿದ್ದಕ್ಕೇ ಮಣಿಕಟ್ಟು ಮುರಿದಿದೆ ಅಂದರೆ ಮೂಳೆ ಸವೆದಿರಬಹುದು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಬಹಳ ಸಾಮಾನ್ಯ. ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ, ವಿಟಮಿನ್ ಡಿ ನೋಡಿಸಿ. ಇದಕ್ಕೆ ಒಳ್ಳೆ ಔಷಧಿ ಇದೆ. ಮಣಿಕಟ್ಟು ಕೂಡಿತು ಅಂತ ಮರೆತವರು ಕೆಲವು ವರ್ಷ ಬಿಟ್ಟು ತೊಡೆಯ ಮೂಳೆ ಮುರಿದುಕೊಂಡು ಬರುತ್ತಿದ್ದರು.

ವಿದ್ಯಾನಗರದ ಮೊಮ್ಮಗಳು

ಇಬ್ಬರೂ ಮನೆ ಸೇರಿದ್ದಾರೆ. ಬೆಂಗಳೂರಿಂದ ಮಾವನೇ ಕಾರಿನಲ್ಲಿ ಕರೆದುಕೊಂಡು ಬಂದರು. ಎಕ್ಸ್‌ರೇ ಸಿಡಿ, ಪತ್ರ ಎಲ್ಲಾ ಅಜ್ಜನ ಫೈಲಿನಲ್ಲಿ ದಿನಾಂಕದ ಪ್ರಕಾರ ಜೋಡಿಸಿವೆ. ಸೋಮವಾರ ಇಲ್ಲಿನ ಮೂಳೆ ಡಾಕ್ಟರ್ ಹತ್ರ ಹೋಗ್ತೀವಿ, ಡೆಕ್ಸಾ ಸ್ಕ್ಯಾನ್ ಬಗ್ಗೆಯೂ ಕೇಳ್ತೀವಿ. ವಿಮೆಯವರು ಇನ್ನೂ ಒಂದು ಫಾರ್ಮ್ ಕೇಳಿದ್ದಾರೆ, ಅದನ್ನ ಇವತ್ತು ಕಳಿಸ್ತೀನಿ.